ಮೀನಿನ ಟ್ಯಾಂಕಿಗೆ ಯು.ವಿ. ಹಾಕಿ ಹತ್ತು ದಿನವಾದರೂ ನೀರು ಹಸಿರೇ, ಪೈಪ್ ಜೋಡಣೆಯಲ್ಲಿ ಎಡವಿದ್ದೆಲ್ಲಿ?

ಮಂಜುಗಾಜು:
ಎಲ್ಲರಿಗೂ ನಮಸ್ಕಾರ. ನನ್ನದು ನಾಲ್ಕು ಅಡಿ ಟ್ಯಾಂಕು. ಅಳತೆಯಲ್ಲಿ 240 ಲೀಟರ್, ಕಲ್ಲು ಮರಳು ಕಳೆದರೆ ನೀರು 200 ಇರಬಹುದು. ಒಂದೂವರೆ ತಿಂಗಳಿಂದ ನೀರು ಹಸಿರು. ಎಷ್ಟರ ಮಟ್ಟಿಗೆ ಅಂದರೆ ಹಿಂದಿನ ಗಾಜಿಗೆ ಅಂಟಿಸಿದ ಥರ್ಮಾಮೀಟರ್ ಮುಂದೆ ನಿಂತವರಿಗೆ ಕಾಣಿಸುವುದಿಲ್ಲ. ಏಂಜೆಲ್ ಮೀನುಗಳು ಗಾಜಿಗೆ ಮೂಗು ತಾಗಿಸಿದಾಗಲೇ ಇನ್ನೂ ಬದುಕಿವೆ ಅಂತ ಗೊತ್ತಾಗೋದು. ಅರ್ಧರ್ಧ ನೀರು ಬದಲಾಯಿಸಿದೆ, ಮೂರು ದಿನ ದೀಪ ಆರಿಸಿ ಕಂಬಳಿ ಹೊದಿಸಿದೆ. ತಿಳಿಯಾಗುತ್ತದೆ, ವಾರ ಕಳೆದರೆ ಮತ್ತೆ ಅದೇ ಕಥೆ.

ಕೊನೆಗೆ 11 ವಾಟ್‌ನ ಯು.ವಿ. ಸ್ಟೆರಿಲೈಜರ್ ತಂದೆ, ಅಂದರೆ ಹಾದುಹೋಗುವ ನೀರಿನಲ್ಲಿ ತೇಲುವ ಪಾಚಿಯನ್ನು ನೇರಳಾತೀತ ಬೆಳಕಿನಿಂದ ಕೊಲ್ಲುವ ಕೊಳವೆ. ಕ್ಯಾನಿಸ್ಟರ್ ಫಿಲ್ಟರ್ (ಟ್ಯಾಂಕಿನ ಹೊರಗೆ ಕೂತು ಪೈಪಿನಲ್ಲಿ ನೀರು ಎಳೆದು ಸೋಸಿ ವಾಪಸ್ ಕಳಿಸುವಂಥದ್ದು) ಟ್ಯಾಂಕಿನ ಕೆಳಗಿನ ಸ್ಟ್ಯಾಂಡ್ ಒಳಗಿದೆ, ಅಲ್ಲಿ ಕೈ ಆಡಿಸಲೂ ಜಾಗವಿಲ್ಲ. ಹಾಗಾಗಿ ಟ್ಯಾಂಕಿನ ಹಿಂದೆ, ಅಂಚಿಗಿಂತ ನಾಲ್ಕು ಬೆರಳು ಮೇಲೆ ಗೋಡೆಗೆ ಅಡ್ಡಡ್ಡ ಕೂರಿಸಿದೆ, ಎರಡೂ ಬಾಯಿ ಕೆಳಮುಖ. ಫಿಲ್ಟರಿಗೆ ನೀರು ಇಳಿಯುವ ಪೈಪನ್ನೇ ಕತ್ತರಿಸಿ ಸೇರಿಸಿದ್ದು. ಒಂದು ಹನಿ ಸೋರಿಲ್ಲ. ಆದರೆ ಸ್ಪ್ರೇ ಬಾರ್‌ನಿಂದ (ಸೋಸಿದ ನೀರು ಟ್ಯಾಂಕಿಗೆ ವಾಪಸ್ ಬೀಳುವ ತೂತಿನ ಕೊಳವೆ) ಸಣ್ಣ ಸಣ್ಣ ಗುಳ್ಳೆ ಬರುತ್ತಿದೆ, ಫಿಲ್ಟರ್ ಒಳಗೆ ಗೊಳಗೊಳ ಸದ್ದು. ನೀರಿನ ಬಣ್ಣ ಮಾತ್ರ ಒಂಚೂರೂ ಬದಲಾಗಿಲ್ಲ.

ಕೈಪಿಡಿಯಲ್ಲಿ ಪಾಚಿಗೆ ಗಂಟೆಗೆ 400 ಲೀಟರ್ ಒಳಗೆ, ಪರಜೀವಿಗಳಿಗೆ 150ರ ಒಳಗೆ ಅಂತಿದೆ. ಫಿಲ್ಟರ್ ಡಬ್ಬದ ಮೇಲೆ 1200 ಅಂತ ಬರೆದಿದ್ದಾರೆ. ಇಳಿಯುವ ಪೈಪಿನ ವಾಲ್ವ್ ತಿರುಗಿಸಿ ಹರಿವು ಕಮ್ಮಿ ಮಾಡಲಾ? ಬಲ್ಬ್ ಏನೋ ಉರಿಯುತ್ತಿದೆ, ನೀಲಿ ಬೆಳಕು ಕಾಣುತ್ತೆ.

ಗಪ್ಪಿಮನೆ:
ಯು.ವಿ. ಎಲ್ಲ ಯಾಕೆ ಸರ್? ದೀಪ ಉರಿಸೋದನ್ನ ದಿನಕ್ಕೆ ಆರು ಗಂಟೆಗೆ ಇಳಿಸಿ, ಆಹಾರ ಅರ್ಧ ಮಾಡಿ. ಕಿಟಕಿಯ ಬಿಸಿಲು ಬೀಳ್ತಿದ್ರೆ ಪರದೆ ಹಾಕಿ. ಹಸಿರು ತಾನೇ ಹೋಗುತ್ತೆ.

ಹಳೇವಾಲ್ವ್:
ಗಪ್ಪಿಮನೆ ಹೇಳಿದ್ದು ಮಾಡಲೇಬೇಕು, ಇಲ್ಲದಿದ್ದರೆ ಯು.ವಿ. ತೆಗೆದ ದಿನವೇ ಹಸಿರು ವಾಪಸ್. ಆದರೆ ಥರ್ಮಾಮೀಟರ್ ಕಾಣದಷ್ಟು ದಟ್ಟವಾದ ಮೇಲೆ ಅದೊಂದರಿಂದ ತಿಂಗಳುಗಟ್ಟಲೆ ಕಾಯಬೇಕು. ಯಂತ್ರ ತಂದಾಗಿದೆ, ಸರಿಯಾಗಿ ಕೂರಿಸೋಣ.

ಮಂಜುಗಾಜು, ಸೋರದೇ ಇರುವುದೇ ನಿಮ್ಮನ್ನು ದಾರಿ ತಪ್ಪಿಸಿದೆ. ಇಳಿಯುವ ಪೈಪಿನಲ್ಲಿ, ಅದೂ ಟ್ಯಾಂಕಿನ ನೀರಿನ ಮಟ್ಟಕ್ಕಿಂತ ಮೇಲೆ, ಒಳಗಿನ ಒತ್ತಡ ಹೊರಗಿನ ಗಾಳಿಗಿಂತ ಕಡಿಮೆ. ಅಲ್ಲಿ ಜೋಡಣೆ ಕೂದಲೆಳೆಯಷ್ಟು ಸಡಿಲವಿದ್ದರೂ ನೀರು ಹೊರಗೆ ಬರುವುದಿಲ್ಲ, ಗಾಳಿ ಒಳಗೆ ಹೋಗುತ್ತದೆ. ನಿಮ್ಮ ಗುಳ್ಳೆ, ಗೊಳಗೊಳ ಎರಡೂ ಅದೇ. ಸಾಲದ್ದಕ್ಕೆ ಬಾಯಿ ಎರಡೂ ಕೆಳಮುಖ. ಒಳಗೆ ಹೊಕ್ಕ ಗಾಳಿ ಹೋಗಲು ದಾರಿಯಿಲ್ಲದೆ ಮೇಲ್ಭಾಗದಲ್ಲೇ ಕೂತಿರುತ್ತದೆ, ಬಲ್ಬಿನ ಅರ್ಧ ಬೆಳಕು ಆ ಗಾಳಿಗೇ ಬೀಳುತ್ತಿರುತ್ತದೆ. ಇಳಿಯುವ ಪೈಪಿನ ವಾಲ್ವ್ ಮುಟ್ಟಲೇಬೇಡಿ. ಅಲ್ಲಿ ಬಿಗಿದಷ್ಟೂ ಎಳೆತ ಹೆಚ್ಚಿ ಇನ್ನಷ್ಟು ಗಾಳಿ ಸೇರುತ್ತದೆ.

ಇನ್ನೊಂದು ಮಾತು. ಫಿಲ್ಟರಿಗೆ ಹೋಗುವ ಮುಂಚಿನ ನೀರು ಅಂದರೆ ಕಸದ ನೀರು. ಯು.ವಿ. ಬಿಚ್ಚಿ, ಬಲ್ಬಿನ ಮೇಲಿನ ಕ್ವಾರ್ಟ್ಸ್ ಕೊಳವೆಯನ್ನು ಹೆಬ್ಬೆರಳಿಂದ ಸವರಿ ನೋಡಿ. ಕಂದು ಲೋಳೆಯಲ್ಲಿ ಬೆರಳಿನ ಗುರುತು ಬಿದ್ದರೆ, ಬೆಳಕು ಅಲ್ಲೇ ನಿಂತುಹೋಗಿದೆ. ನೀಲಿ ಕಾಣುತ್ತದೆ ಅನ್ನುವುದು ಏನೂ ಹೇಳುವುದಿಲ್ಲ. ಕೆಲಸ ಮಾಡುವುದು 254 ನ್ಯಾನೋಮೀಟರ್ ಆಸುಪಾಸಿನ ಕಿರಣ, ಅದು ಕಣ್ಣಿಗೆ ಕಾಣುವಂಥದ್ದಲ್ಲ. ಕಾಣುತ್ತಿಲ್ಲ ಅಂತ ಬಲ್ಬನ್ನು ಹೊರಗೆ ತೆಗೆದು ಉರಿಸಿ ನೋಡುವ ಸಾಹಸ ಬೇಡ, ಕಣ್ಣು ಸುಟ್ಟುಕೊಳ್ಳುತ್ತೀರಿ.

ಈಗ ಜಾಗ. ಫಿಲ್ಟರಿನಿಂದ ಮೇಲೆ ಹೋಗುವ ಪೈಪಿನಲ್ಲಿ, ಸ್ಟ್ಯಾಂಡಿನ ಒಳಪಕ್ಕಕ್ಕೆ ನೆಟ್ಟಗೆ ನಿಲ್ಲಿಸಿ. ನೀರು ಕೆಳಬಾಯಿಂದ ಹೊಕ್ಕು ಮೇಲ್ಬಾಯಿಂದ ಹೊರಡಲಿ, ಗಾಳಿ ತಾನಾಗಿ ಮೇಲೇರಿ ಹೋಗುತ್ತದೆ. ಅಲ್ಲಿ ಸೋರಿದರೆ ಹೊರಕ್ಕೇ ಸೋರುತ್ತದೆ. ಅದು ಒಳ್ಳೆಯದು, ಕಣ್ಣಿಗೆ ಕಾಣುತ್ತದಲ್ಲ!

ಹರಿವಿನ ವಿಷಯದಲ್ಲಿ ನಾನು ಸರಿಯಾಗಿ ಪೆಟ್ಟು ತಿಂದವನು. ಮೊದಲ ಸಲ ಯು.ವಿ.ಗೆ ನಿಧಾನ ಬೇಕು ಅಂತ ಫಿಲ್ಟರಿನ ಪೂರ್ತಿ ಹರಿವನ್ನೇ ಕಟ್ಟಿಹಾಕಿದ್ದೆ. ನೀರು ಕನ್ನಡಿಯಾಯಿತು. ಜೊತೆಗೆ ಬಲಮೂಲೆಯಲ್ಲಿ ಕಸದ ಗುಡ್ಡೆ ಬಿತ್ತು, ಎರಡನೇ ವಾರ ಬೆಳಬೆಳಗ್ಗೆ ಮೀನುಗಳೆಲ್ಲ ಮೇಲೆ ಬಂದು ಬಾಯಿ ಬಿಡುತ್ತಿದ್ದವು. ಆಮೇಲಿಂದ ಕವಲು ಪೈಪೇ ನನ್ನ ಪದ್ಧತಿ. ಮೇಲೆ ಹೋಗುವ ಪೈಪಿಗೆ ಒಂದು ಟೀ, ಅಂದರೆ ಮೂರು ಬಾಯಿಯ T ಆಕಾರದ ಜೋಡಣೆ. ಒಂದು ಕವಲು ಎಂದಿನಂತೆ ಸ್ಪ್ರೇ ಬಾರಿಗೆ. ಇನ್ನೊಂದು ವಾಲ್ವ್ ದಾಟಿ ಯು.ವಿ.ಗೆ, ಅಲ್ಲಿಂದ ಬೇರೆಯದೇ ಬಾಯಿಯಿಂದ ಟ್ಯಾಂಕಿಗೆ. ಕೆಲವರು ಎರಡನ್ನೂ ಮೇಲೆ ಮತ್ತೆ ಕೂಡಿಸುತ್ತಾರೆ. ನೋಡಲು ಚೆಂದ, ಅಷ್ಟೇ. ಬೇರೆ ಬಿಟ್ಟರೆ ಯು.ವಿ. ಹಾದುಬಂದ ನೀರು ಎಷ್ಟು ಅಂತ ಬಕೆಟ್ ಹಿಡಿದು ಅಳೆಯಬಹುದು.

ಡಬ್ಬದ ಮೇಲಿನ 1200 ಮರೆತುಬಿಡಿ, ಅದು ಸಾಮಾನ್ಯವಾಗಿ ಖಾಲಿ ಫಿಲ್ಟರಿನ ಲೆಕ್ಕ. 10 ಲೀಟರ್ ಬಕೆಟ್ ಎಷ್ಟು ಸೆಕೆಂಡಿಗೆ ತುಂಬಿತು ನೋಡಿ, 36,000ವನ್ನು ಅದರಿಂದ ಭಾಗಿಸಿದರೆ ಗಂಟೆಯ ಲೆಕ್ಕ ಸಿಕ್ಕಿತು. 100 ಸೆಕೆಂಡ್ ಹಿಡಿದರೆ 360 ಲೀಟರ್. ಪೈಪಿನ ಬಾಯಿ ಮಾತ್ರ ಟ್ಯಾಂಕಿನ ನೀರಿನ ಮಟ್ಟದಲ್ಲೇ ಇರಲಿ, ಬಕೆಟ್ಟನ್ನು ಸ್ಟೂಲ್ ಮೇಲಿಡಿ. ನೆಲದ ಮೇಲಿಟ್ಟು ಅಳೆದರೆ ನೀರು ಇಳಿಜಾರಿಗೆ ಓಡಿ ಸುಳ್ಳು ಲೆಕ್ಕ ಕೊಡುತ್ತದೆ.

ಪ್ಲಾಸ್ಟಿಕ್ ಯೂನಿಯನ್‌ಗಳನ್ನು (ಪೈಪ್ ಜೋಡಿಸುವ ತಿರುಪುಗಳು) ಕೈಯಲ್ಲೇ ತಿರುಗಿಸಿ, ಸ್ಪ್ಯಾನರ್ ಬೇಡ. ಒ-ರಿಂಗಿಗೆ (ಸೋರದಂತೆ ತಡೆಯುವ ರಬ್ಬರ್ ಬಳೆ) ಸಿಲಿಕೋನ್ ಗ್ರೀಸ್ ಮಾತ್ರ.

ಮಂಜುಗಾಜು:
ಹಳೇವಾಲ್ವ್ ಸರ್, ಈಗಷ್ಟೇ ಬಿಚ್ಚಿದೆ. ಬೆರಳಿನ ಗುರುತಲ್ಲ, ಹೆಸರೇ ಬರೆಯಬಹುದಿತ್ತು. ಹತ್ತೇ ದಿನಕ್ಕೆ! ವಿನೆಗರ್‌ನಲ್ಲಿ ನೆನೆಹಾಕಿದ್ದೇನೆ. ಒಂದು ಅನುಮಾನ: 360 ಲೀಟರ್ ಅಂದರೆ ಗಂಟೆಯೊಳಗೆ ಟ್ಯಾಂಕಿನ ನೀರೆಲ್ಲ ಒಮ್ಮೆ ಹಾದುಹೋಯಿತಲ್ಲ, ಹಾಗಿದ್ದರೆ ಒಂದೇ ದಿನಕ್ಕೆ ತಿಳಿಯಾಗಬೇಕಲ್ಲವಾ? ಮತ್ತೆ ಫಿಲ್ಟರಿನ ಒಳ್ಳೇ ಬ್ಯಾಕ್ಟೀರಿಯಾ ಸಾಯಲ್ವಾ?

ಹಳೇವಾಲ್ವ್:
ಎಲ್ಲ ನೀರೂ ಸಾಲಾಗಿ ಬಂದು ಹೋಗುವುದಿಲ್ಲವಲ್ಲ. ಬೆಳಕು ಕಂಡ ನೀರು ವಾಪಸ್ ಟ್ಯಾಂಕಿಗೆ ಬಿದ್ದು ಹಳೆಯದರ ಜೊತೆ ಬೆರೆಯುತ್ತದೆ, ಅದೇ ಮತ್ತೆ ಹೋಗುತ್ತಿರುತ್ತದೆ. 200 ಲೀಟರ್ ಹಾದಾಗ ನಿಜವಾಗಿ ಒಮ್ಮೆಯಾದರೂ ಬೆಳಕು ಕಂಡದ್ದು ಸುಮಾರು 63 ಶೇಕಡಾ. 600 ಹಾದರೆ 95. ಉಳಿದ ಪಾಚಿ ಅಷ್ಟರಲ್ಲಿ ಸುಮ್ಮನೆ ಕೂತಿರುವುದಿಲ್ಲ, ಹೆಚ್ಚುತ್ತಲೇ ಇರುತ್ತದೆ. ಮೂರ್ನಾಲ್ಕು ದಿನದಿಂದ ಒಂದು ವಾರ ಕೊಡಿ.

ಒಳ್ಳೇ ಬ್ಯಾಕ್ಟೀರಿಯಾ ಸ್ಪಂಜು, ಕಲ್ಲು, ಮರಳಿಗೆ ಅಂಟಿಕೊಂಡಿರುತ್ತವೆ, ತೇಲಾಡಿಕೊಂಡು ಬಲ್ಬಿನ ಹತ್ತಿರ ಬರುವುದಿಲ್ಲ. ಗಾಜಿಗೆ ಅಂಟಿದ ಪಾಚಿಯೂ ಅಷ್ಟೇ, ಅದಕ್ಕೆ ಉಜ್ಜುವುದೇ ಗತಿ. ಸತ್ತ ಪಾಚಿ ಮಾತ್ರ ಫಿಲ್ಟರಿನ ಹತ್ತಿಯಲ್ಲಿ ತುಂಬುತ್ತದೆ. ಎರಡು ದಿನಕ್ಕೊಮ್ಮೆ ತೊಳೆಯದಿದ್ದರೆ ಅಲ್ಲೇ ಕೊಳೆತು ಅಮೋನಿಯಾ ಏರುತ್ತದೆ.

ತೇಲುಬೇರು:
ಇಬ್ಬರೂ ಕರೆಂಟಿನ ಮಾತೇ ಎತ್ತಲಿಲ್ಲ! ವೈರು ಪ್ಲಗ್ಗಿಗೆ ಹೋಗುವ ಮುಂಚೆ ಒಮ್ಮೆ ಕೆಳಗೆ ಜೋತುಬಿದ್ದು ಮೇಲೇರಲಿ, ಹನಿ ಇಳಿದರೆ ಆ ತಗ್ಗಿನಲ್ಲೇ ನೆಲಕ್ಕೆ ಬೀಳುತ್ತದೆ. 30 ಮಿಲಿಆಂಪಿಯರ್ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಲೈನ್ ಕಡಿಯುವ ಸ್ವಿಚ್ಚು) ಇಲ್ಲದ ಲೈನಿಗೆ ಟ್ಯಾಂಕಿನ ಯಾವ ಸಾಮಾನನ್ನೂ ಹಾಕಬೇಡಿ. ಫಿಲ್ಟರ್ ತೊಳೆಯುವಾಗ ಯು.ವಿ.ಯನ್ನು ಮೊದಲು ಆರಿಸಿ. ನಾನೊಮ್ಮೆ ಮರೆತು, ನಿಂತ ನೀರಿನಲ್ಲಿ ಎರಡು ಗಂಟೆ ಉರಿದಿತ್ತು. ಮುಟ್ಟಿದರೆ ಕೈ ಸುಡುವಷ್ಟು ಬಿಸಿ, ಒ-ರಿಂಗ್ ಚಪ್ಪಟೆ. ಈಗ ಎರಡಕ್ಕೂ ಒಂದೇ ಸ್ವಿಚ್ಚು.

ಟ್ಯಾಂಕಿಗೆ ಔಷಧಿ ಹಾಕಿದ ದಿನಗಳಲ್ಲೂ ಆರಿಸಿಡಿ, ಎಷ್ಟೋ ಔಷಧಿಗಳನ್ನು ಆ ಬೆಳಕು ಒಡೆದುಹಾಕುತ್ತದೆ. ಗಿಡಗಳಿಗೆ ಹಾಕುವ ದ್ರವರೂಪದ ಕಬ್ಬಿಣಾಂಶವೂ ಹಾಗೇ. ಬಿಳಿಚುಕ್ಕೆ ರೋಗಕ್ಕೆ ಯು.ವಿ. ಒಂದನ್ನೇ ನಂಬಿ ಕೂರಬೇಡಿ. ಮೀನಿನ ಚರ್ಮದೊಳಗೆ ಕೂತ ಪರಜೀವಿಗೆ ಬೆಳಕು ತಾಗದು, ನೀರಿನಲ್ಲಿ ಈಜುವ ಮರಿಗಳಷ್ಟೇ ಸಿಗುತ್ತವೆ. ಅವಕ್ಕೆ ನಿಮ್ಮ ಕೈಪಿಡಿಯ 150ರ ಲೆಕ್ಕ. ಬಲ್ಬ್ ಬಿಡದೆ ಉರಿಸಿದರೆ ವರ್ಷಕ್ಕೊಮ್ಮೆ ಬದಲಾಯಿಸಿ, ಹಾಕಿದ ತಾರೀಖನ್ನು ಮೈಮೇಲೇ ಬರೆದಿಡಿ.

ಮಂಜುಗಾಜು:
ಇವತ್ತಿಗೆ ಐದನೇ ದಿನ. ಸ್ಟ್ಯಾಂಡಿನ ಒಂದು ಹಲಗೆ ಬಿಚ್ಚಿ ಜಾಗ ಮಾಡಿದೆ. ಟೀ ಕೂರಿಸಿ ಮೊದಲು ಅಳೆದಾಗ ಬಕೆಟ್ 62 ಸೆಕೆಂಡಿಗೆ ತುಂಬಿತು, ವಾಲ್ವ್ ಬಿಗಿಯುತ್ತಾ ಬಿಗಿಯುತ್ತಾ 97ಕ್ಕೆ ತಂದೆ. ಯು.ವಿ.ಯ ಕೆಳಬಾಯಲ್ಲಿ ಮೊದಲ ರಾತ್ರಿ ಒಂದೊಂದೇ ಹನಿ. ಕ್ಲಾಂಪ್ ಅರ್ಧ ಸುತ್ತು ಬಿಗಿದೆ, ಅಡಿಗೆ ಹಾಸಿದ ಹಳೇ ಪೇಪರ್ ಬೆಳಗ್ಗೆ ಒಣಗೇ ಇತ್ತು. ಫಿಲ್ಟರಿನ ಹತ್ತಿ ಎರಡು ಸಲ ತೊಳೆದೆ, ಹಿಂಡಿದರೆ ಕಡುಹಸಿರು. ಥರ್ಮಾಮೀಟರ್ ಕಾಣಿಸುತ್ತಿದೆ, ಅಂಕಿ ಓದಲು ಇನ್ನೂ ಬಗ್ಗಬೇಕು. ಆರು ಅಂದುಕೊಂಡಿದ್ದ ಏಂಜೆಲ್‌ಗಳು ಐದೇ ಇವೆ.