ರೇಡಿಯೋ ಪರದೆ ಮೇಲೆ ಹಾಡಿನ ಹೆಸರು: ರಾಯರನ್ನು ಕೇಳಿ

ಅಡ್ಮಿನ್: ಎಲ್ರಿಗೂ ನಮಸ್ಕಾರ. ಹಾಸನ, ಚಿಕ್ಕಮಗಳೂರು ಕಡೆಯ ಎಫ್‌ಎಂ ಕೇಳುಗರ ಈ ಗುಂಪಲ್ಲಿ ಹೋದ ವಾರವೆಲ್ಲಾ ಒಂದೇ ಮಾತು: ಬೇರೆ ಊರಲ್ಲಿ ರೇಡಿಯೋ ಪರದೆ ಮೇಲೆ ಹಾಡಿನ ಹೆಸರು ಬರುತ್ತೆ, ನಮಗ್ಯಾಕಿಲ್ಲ ಅಂತ. ಎಫ್‌ಎಂ ಟ್ರಾನ್ಸ್‌ಮಿಟರ್ ಕೆಲಸದಲ್ಲೇ ತಲೆ ನೆರೆಸಿಕೊಂಡ ರಾಯರು ಇವತ್ತು ಸಂಜೆ ಸಿಗ್ತಾರೆ. ಒಬ್ಬೊಬ್ಬರಾಗಿ ಕೇಳಿ. ದಯವಿಟ್ಟು ಫಾರ್ವರ್ಡ್ ಹಾಕಬೇಡಿ.

ಸಕಲೇಶಪುರ ಸವಾರ: ನಮಸ್ತೆ ಸಾರ್. ನನ್ನ ಕಾರಲ್ಲಿ ಸ್ಟೇಷನ್ ಹೆಸರು ಬರುತ್ತೆ, ಹಾಡಿನ ಹೆಸರು ಬರಲ್ಲ. ಸೆಟ್ ಹೋಗಿದೆಯಾ?

ರಾಯರು: ನಮಸ್ಕಾರ. ಸೆಟ್ಟಿಗೇನೂ ಆಗಿಲ್ಲ. ಹೆಸರನ್ನ ಸ್ಟೇಷನ್ನಿನವರು ಕಳಿಸಬೇಕು. ಇದಕ್ಕೆ ಆರ್‌ಡಿಎಸ್, ಅಂದ್ರೆ ರೇಡಿಯೋ ಡೇಟಾ ಸಿಸ್ಟಮ್ ಅಂತಾರೆ. ಹಾಡಿನ ಜೊತೆಗೇ, ಕಿವಿಗೆ ಕೇಳದ 57 ಕಿಲೋಹರ್ಟ್ಸ್ ಉಪವಾಹಕದ (ಹಾಡಿನ ಪಕ್ಕದಲ್ಲೇ ಸಾಗೋ ಇನ್ನೊಂದು ಸಣ್ಣ ಅಲೆ) ಮೇಲೆ ಅಕ್ಷರಗಳು ಹೋಗ್ತವೆ, ಸೆಕೆಂಡಿಗೆ 1187.5 ಬಿಟ್ ವೇಗದಲ್ಲಿ. ಸ್ಟೇಷನ್ ಹೆಸರಿಗೆ 8 ಅಕ್ಷರದ ಜಾಗ, ಅದು ಪಿಎಸ್. ಹಾಡು, ಹಾಡಿದವರು, ಕಾರ್ಯಕ್ರಮ ಇವಕ್ಕೆ 64 ಅಕ್ಷರದ ರೇಡಿಯೋಟೆಕ್ಸ್ಟ್. ಮೊದಲನೇದನ್ನ ಮಾತ್ರ ಕಳಿಸಿ ಸುಮ್ಮನಿರೋ ಸ್ಟೇಷನ್ನುಗಳಿವೆ. ಕೆಲವು ಸೆಟ್ಟಲ್ಲಿ ಎರಡನೇದು ಬರ್ತಿದ್ರೂ ಟೆಕ್ಸ್ಟ್ ಅನ್ನೋ ಬಟನ್ ಒತ್ತದೆ ಕಾಣಲ್ಲ. ಒತ್ತಿ ನೋಡಿ.

ಅರಸೀಕೆರೆ ತೆಂಗು: ಸರ್ ನನ್ನ ಕಾರಲ್ಲೂ ಹಾಡಿನ ಹೆಸರು ಬರಲ್ಲ. ಏನು ಮಾಡಬೇಕು?

ರಾಯರು: ಮೇಲೆ ಉತ್ತರ ಇದೆ.

ಸ್ಟುಡಿಯೋ ಹುಡುಗಿ: ಸರ್, ನಾವು ಒಂದು ಸಮುದಾಯ ರೇಡಿಯೋ ನಡೆಸ್ತೀವಿ, ಊರು ಹೇಳಲ್ಲ. ಈಚೆಗೆ ಆರ್‌ಡಿಎಸ್ ಎನ್‌ಕೋಡರ್, ಅಂದ್ರೆ ಬರಹವನ್ನ ಪ್ರಸಾರಕ್ಕೆ ಸೇರಿಸೋ ಡಬ್ಬ, ಹಾಕಿಸಿದ್ವಿ. ಹಾಡು ಹಾಕೋ ಸಾಫ್ಟ್‌ವೇರ್ ಈಗ ಏನು ನಡೀತಿದೆ ಅಂತ ಒಂದು ಫೈಲಿಗೆ ಬರೀತದೆ, ಎನ್‌ಕೋಡರ್ ಅದನ್ನ ಓದ್ಕೊಳ್ತದೆ. ಆದ್ರೆ ಹಳೇ ಬರಹದ ಬಾಲ ಹೊಸದಕ್ಕೆ ಅಂಟಿಕೊಂಡು ಬರ್ತಿದೆ. ನಿನ್ನೆ "ಜನಪದ ಗೀತೆಗಳು ಮತ್ತು ಹವಾಮಾನ" ಮುಗಿದು "ಕೃಷಿ ಸಲಹೆ" ಶುರುವಾಯ್ತು. ಕಾರಲ್ಲಿ ಕಂಡಿದ್ದು ಕೃಷಿ ಸಲಹೆ, ಆಮೇಲೆ ಮೂರು ಜಾಗ ಖಾಲಿ, ಆಮೇಲೆ "ಲು ಮತ್ತು ಹವಾಮಾನ". ಎಲ್ಲಾ ಇಂಗ್ಲಿಷ್ ಅಕ್ಷರದಲ್ಲೇ ಹಾಕ್ತೀವಿ. ಎನ್‌ಕೋಡರ್ ಕೊಟ್ಟವರು ಕಾರಿನ ತಪ್ಪು ಅಂತಾರೆ. ಇನ್ನೊಂದು ತಮಾಷೆ ಇದೆ, ನಮ್ಮ ಡ್ರೈವರಣ್ಣ ಪೆನ್‌ಡ್ರೈವ್ ಹಾಡು ಕೇಳ್ತಿದ್ರೂ ಕಾರು ತಾನಾಗೇ ನಮ್ಮ ರೇಡಿಯೋಗೆ ಹೊರಳಿಬಿಡ್ತದೆ. ಇಲ್ಲಿ ಎಲ್ರಿಗೂ ಖುಷಿ, ಬಿಟ್ಟಿ ಪ್ರಚಾರ ಅಂತ.

ರಾಯರು: ಮೂರು ಜಾಗ ಖಾಲಿ ಅಂತ ಗಮನಿಸಿದ್ರಲ್ಲ ತಾಯಿ, ಶಭಾಷ್. ಗುಟ್ಟು ಇರೋದೇ ಅಲ್ಲಿ. ರೇಡಿಯೋಟೆಕ್ಸ್ಟ್ ಒಂದೇ ಏಟಿಗೆ ಹೋಗಲ್ಲ, ನಾಲ್ಕು ನಾಲ್ಕು ಅಕ್ಷರದ ಕಂತಲ್ಲಿ ಹೋಗ್ತದೆ. ಕೃಷಿ ಸಲಹೆ ಅನ್ನೋದನ್ನ ಇಂಗ್ಲಿಷ್ ಅಕ್ಷರದಲ್ಲಿ ಬರೆದು ಎಣಿಸಿ, ನಡುವಿನ ಜಾಗ ಸೇರಿ 13. ಅದಕ್ಕೆ ನಾಲ್ಕು ಕಂತು ಬೇಕು, ಅಂದ್ರೆ 16 ಜಾಗ. 13 ಅಕ್ಷರ, 3 ಖಾಲಿ. 17ನೇ ಜಾಗದಿಂದಾಚೆ ನಿಮ್ಮ ಎನ್‌ಕೋಡರ್ ಏನೂ ಕಳಿಸಲೇ ಇಲ್ಲ. ಕಾರು ತನ್ನ ಹತ್ರ ಇದ್ದ ಹಳೇದನ್ನೇ ತೋರಿಸಿತು. ಜನಪದ ಗೀತೆಗಳು ಅಂತ ಬರೆದು ಎಣಿಸಿದ್ರೆ 17ನೆಯದು "ಲು"ವಿನ ಮೊದಲಕ್ಷರವೇ. ಕಾರು ಪಾಪ, ಹೇಳಿದಷ್ಟು ಮಾಡಿದೆ.

ಮಾಡಬೇಕಾದ್ದು ಎರಡು. ರೇಡಿಯೋಟೆಕ್ಸ್ಟ್ ಕಂತಿನ ಒಳಗೆ ಎ/ಬಿ ಅಂತ ಒಂದು ಬಿಟ್ ಇರ್ತದೆ. ಬರಹ ಬದಲಾದಾಗೆಲ್ಲ ಅದು ಎ ಇದ್ರೆ ಬಿ, ಬಿ ಇದ್ರೆ ಎ ಆಗಬೇಕು. ಆಗ ರೇಡಿಯೋ ಹಳೇದನ್ನ ಪೂರ್ತಿ ಅಳಿಸಿ ಹೊಸದನ್ನ ತುಂಬಿಕೊಳ್ತದೆ. ನಿಮ್ಮಲ್ಲಿ ಅದು ಒಂದೇ ಕಡೆ ನಿಂತಿದೆ. ಎನ್‌ಕೋಡರ್ ಸೆಟ್ಟಿಂಗಲ್ಲಿ ಹುಡುಕಿ, ತಾನಾಗೇ ಬದಲಾಗೋ ಹಾಗೆ ಇಡಿ. ಎರಡನೇದು, 64ಕ್ಕಿಂತ ಚಿಕ್ಕ ಬರಹದ ಕೊನೆಗೆ 0ಡಿ ಅನ್ನೋ ಸಾಲು ಮುಗಿಸೋ ಸಂಕೇತ ಹೋಗಬೇಕು. ಆಯ್ಕೆ ಇಲ್ಲದಿದ್ರೆ 64 ತುಂಬೋವರೆಗೆ ಖಾಲಿ ಜಾಗ ಕಳಿಸಿ. ಆದ್ರೆ ಅದಕ್ಕೆ 16 ಕಂತು ಬೇಕು. ಇಡೀ ಆರ್‌ಡಿಎಸ್‌ಗೆ ಸಿಗೋದೇ ಸೆಕೆಂಡಿಗೆ 11 ಚಿಲ್ಲರೆ ಕಂತು, ಸ್ಟೇಷನ್ ಹೆಸರೂ ಅದರಲ್ಲೇ ಹೋಗಬೇಕು. ಹೆಸರು ಸ್ವಲ್ಪ ತಡವಾಗಿ ಬರುತ್ತೆ.

ಈಗ ಪೆನ್‌ಡ್ರೈವ್ ವಿಷಯ. ಅದು ತಮಾಷೆ ಅಲ್ಲ, ನನಗೆ ಹೆದರಿಕೆ ಆಗ್ತಿರೋದೇ ಅದು. ನಿಮ್ಮ ಟಿಎ ಫ್ಲ್ಯಾಗ್ ಆನ್ ಆಗೇ ಉಳಿದಿದೆ. ಟಿಎ ಅಂದ್ರೆ "ಈಗ ರಸ್ತೆ ಸುದ್ದಿ ಹೇಳ್ತಿದೀವಿ, ಬೇರೆ ಏನು ಕೇಳ್ತಿದ್ರೂ ನಿಲ್ಲಿಸಿ ಇತ್ತ ಬನ್ನಿ" ಅಂತ ಕಾರಿಗೆ ಕೊಡೋ ಅಪ್ಪಣೆ. ಕೆಲವು ಕಾರು ದನಿಯನ್ನೂ ಏರಿಸ್ತವೆ. ಶಿರಾಡಿಯಲ್ಲೋ ಚಾರ್ಮಾಡಿಯಲ್ಲೋ ಗುಡ್ಡ ಕುಸಿದಾಗ ಬೇಕಾಗೋ ಸವಲತ್ತು ಇದು. ತಿರುವಲ್ಲಿ ಗಾಡಿ ತಿರುಗಿಸ್ತಿರೋನಿಗೆ ಇದ್ದಕ್ಕಿದ್ದಂತೆ ಜೋರಾಗಿ ಗೊಬ್ಬರದ ಜಾಹೀರಾತು ಬಡಿದ್ರೆ ಏನಾಗಬಹುದು ಯೋಚಿಸಿ. ಎರಡು ದಿನ ಹೀಗಾದ್ರೆ ಜನ ಟಿಎ ಆಫ್ ಮಾಡ್ಕೊಳ್ತಾರೆ, ನಿಜವಾಗಿ ಗುಡ್ಡ ಬಿದ್ದ ದಿನ ಯಾರಿಗೂ ಕೇಳಿಸಲ್ಲ. ಈಗಲೇ ಆಫ್ ಮಾಡಿ. ಹಾಗೇ ನಿಮ್ಮ ಪಿಐ ಕೋಡ್, ಅಂದ್ರೆ ಕಾರು ಸ್ಟೇಷನ್ನನ್ನ ಗುರುತಿಸೋ ಸಂಕೇತ, ಎಲ್ಲಿಂದ ಬಂತು ತಿಳಿಸಿ.

ಬಸ್‌ಸ್ಟ್ಯಾಂಡ್ ಬಾಸ್: *ಫಾರ್ವರ್ಡ್* ರೇಡಿಯೋದಲ್ಲಿ ಹಾಡಿನ ಹೆಸರು ಬರುತ್ತಿಲ್ಲವೇ? ಕಾರಿನ ಆಂಟೆನಾ ಬುಡಕ್ಕೆ ಅಡುಗೆಮನೆ ಫಾಯಿಲ್ ಸುತ್ತಿ, ಬ್ಯಾಟರಿ ಮೈನಸ್ 10 ನಿಮಿಷ ಬಿಚ್ಚಿಡಿ. ಶೇ. 100 ಗ್ಯಾರಂಟಿ. ಎಲ್ಲಾ ಗ್ರೂಪಿಗೂ ಕಳಿಸಿ 🙏

ರಾಯರು: ಮಾಡಬೇಡಿ. ಫಾಯಿಲ್ ಬಾಡಿಗೆ ತಾಗಿದ್ರೆ ಆಂಟೆನಾ ಸಿಗ್ನಲ್ ನೆಲಕ್ಕೆ ಹೋಗ್ತದೆ, ಇರೋ ಸ್ಟೇಷನ್ನೂ ಹೋಗುತ್ತೆ. ಬ್ಯಾಟರಿ ಬಿಚ್ಚಿದ್ರೆ ಕೆಲವು ಸೆಟ್ ಲಾಕ್ ಆಗಿ ಕೋಡ್ ಕೇಳ್ತವೆ. ಸ್ಟೇಷನ್ನೇ ಕಳಿಸದ ಹೆಸರನ್ನ ಫಾಯಿಲ್ ಎಲ್ಲಿಂದ ತರುತ್ತೆ?

ಬಸ್‌ಸ್ಟ್ಯಾಂಡ್ ಬಾಸ್: ನಮ್ಮ ಭಾವನಿಗೆ ಕೆಲಸ ಮಾಡಿದೆ ಸಾರ್.

ಹೊಯ್ಸಳ ಹುಲಿ: ಅದಿರಲಿ. ಕನ್ನಡ ಹಾಡಿನ ಹೆಸರು ಇಂಗ್ಲಿಷಲ್ಲಿ ಯಾಕೆ ಬರಬೇಕು? ಸ್ಟುಡಿಯೋ ಹುಡುಗಿಯವರೇ, ನಾಚಿಕೆ ಆಗಲ್ವಾ?

ರಾಯರು: ಆ ಹುಡುಗಿಯನ್ನ ಬಯ್ಯಬೇಡಿ. ಆರ್‌ಡಿಎಸ್ ಮಾಡಿದ್ದು ಯುರೋಪಿನ ಪ್ರಸಾರ ಸಂಸ್ಥೆಗಳ ಒಕ್ಕೂಟ, 1984ರಲ್ಲಿ. ಅದರ ಅಕ್ಷರಪಟ್ಟಿಯಲ್ಲಿ ಕನ್ನಡ ಇಲ್ಲ. ಈಚಿನ ಆರ್‌ಡಿಎಸ್2ನಲ್ಲಿ ಎಲ್ಲಾ ಭಾಷೆಯ ಅಕ್ಷರ ಹಿಡಿಸೋ ಯುಟಿಎಫ್-8 ಬಂದಿದೆ, ಕನ್ನಡ ಕಳಿಸಬಹುದು, ಆದ್ರೆ ಅದನ್ನ ಓದೋ ರೇಡಿಯೋ ಕಾರಲ್ಲಿರಬೇಕು. ಅಲ್ಲೂ ಜಾಗ ಕಮ್ಮಿ. ಉದ್ದನೆಯ ಸ್ಟೇಷನ್ ಹೆಸರಿಗೆ 32 ಬೈಟ್. ಕನ್ನಡದ ಒಂದೊಂದು ಸಂಕೇತಕ್ಕೆ 3 ಬೈಟ್. "ಹಾಸನ" 12ರಲ್ಲಿ ಮುಗೀತದೆ. "ಚಿಕ್ಕಮಗಳೂರು" 33.

ಹೇಮಾವತಿ ದಂಡೆ: 😂😂 ನಮ್ಮೂರು ಹಿಡಿಸ್ತು, ಮೇಲಿನೋರಿಗೆ ಜಾಗ ಇಲ್ಲ.

ಮೂಡಿಗೆರೆ ಮಳೆ: ಹೌದು ಮಾರಾಯ, ಚಿಕ್ಕ ಊರಿಗೆ ಚಿಕ್ಕ ಹೆಸರು. ಚಿಕ್ಮಗ್ಳೂರ್ ಅಂತ ಬರೆದ್ರೆ ಆಯ್ತಲ್ಲ.

ರಾಯರು: ಅದಕ್ಕೂ 33 ಬೈಟೇ ಬೇಕು. ಒತ್ತಿಗೂ ಕೊನೆಯ ಅರ್ಧಾಕ್ಷರಕ್ಕೂ ಒಂದೊಂದು ಸಂಕೇತ ಹೋಗುತ್ತೆ.

ಹೇಮಾವತಿ ದಂಡೆ: ಹಂಗಾದ್ರೆ ಕಾಫಿ ಅಂತ ಬರ್ಕೊಳ್ಳಿ.

ಮೂಡಿಗೆರೆ ಮಳೆ: ನೀವು ಆಲೂಗಡ್ಡೆ ಅಂತ ಬರ್ಕೊಳ್ಳಿ.

ಹೊಯ್ಸಳ ಹುಲಿ: ಇಲ್ಲಿ ಭಾಷೆಯ ಪ್ರಶ್ನೆ ಎತ್ತಿದ್ರೆ ಆಲೂಗಡ್ಡೆ ಅಂತೀರಲ್ರೀ. ಇದಕ್ಕೇ ಕನ್ನಡ ಹಿಂಗಾಗಿರೋದು.

ಬ್ಲೂಟೂತ್ ಬಸವ: ಈ ಕಾಲದಲ್ಲಿ ರೇಡಿಯೋ ಯಾರು ಕೇಳ್ತಾರೆ ಗುರು? ಫೋನ್ ಜೋಡಿಸಿ, ಹೆಸರು, ಫೋಟೋ ಎಲ್ಲಾ ಬರುತ್ತೆ.

ಸಕಲೇಶಪುರ ಸವಾರ: ದೋಣಿಗಲ್ ದಾಟಿ ಘಾಟಿ ಇಳೀರಿ ಬಸವಣ್ಣ, ನಿಮ್ಮ ನೆಟ್‌ವರ್ಕ್ ಎಷ್ಟು ದೂರ ಬರುತ್ತೆ ನೋಡೋಣ. ಸಾರ್, ಘಾಟಿಯಲ್ಲಿ ಹಾಡು ಕೇಳ್ತಿರ್ತದೆ, ಹೆಸರು ಮಾತ್ರ ಅರ್ಧಕ್ಕೇ ನಿಲ್ತದೆ. ಅದ್ಯಾಕೆ?

ರಾಯರು: ಒಳ್ಳೇ ಪ್ರಶ್ನೆ. ಎಫ್‌ಎಂ ಅಲೆ ಗುಡ್ಡಕ್ಕೆ ಬಡಿದು ಎರಡು ಮೂರು ದಾರಿಯಲ್ಲಿ ಬಂದು ಒಂದರ ಮೇಲೊಂದು ಬೀಳ್ತದೆ. ಒಟ್ಟು 75 ಕಿಲೋಹರ್ಟ್ಸ್ ವಿಚಲನದಲ್ಲಿ (ಅಲೆ ಅತ್ತಿತ್ತ ಓಲಾಡೋ ಮಿತಿ) ಆರ್‌ಡಿಎಸ್ ಪಾಲು ಸಾಮಾನ್ಯವಾಗಿ 2ರಿಂದ 4 ಅಷ್ಟೇ, ಅದೇ ಮೊದಲು ಕೆಡೋದು. 16 ಬಿಟ್ ಮಾಹಿತಿಗೆ 10 ಬಿಟ್ ಕಾವಲು ಇರ್ತದೆ. ತಾಳೆ ಆಗದ ತುಣುಕನ್ನ ಸೆಟ್ ಬಿಸಾಕ್ತದೆ, ತಪ್ಪು ತೋರಿಸೋದಕ್ಕಿಂತ ಸುಮ್ಮನಿರೋದೇ ಮೇಲು ಅಂತ.

ಎಸ್ಟೇಟ್ ಸಾವ್ಕಾರ್: ರಾಯರೇ, ತೋಟದ ಕೆಲಸದವರಿಗೆ ಹಾಡು ಹಾಕೋಣ ಅಂತಿದೀನಿ. ಆನ್‌ಲೈನಲ್ಲಿ 15 ವಾಟ್ ಟ್ರಾನ್ಸ್‌ಮಿಟರ್, ಆರ್‌ಡಿಎಸ್ ಸಮೇತ ಇದೆ. ತರಿಸ್ಲಾ? ಲೈಸೆನ್ಸ್ ಬೇಡ ಅಂತ ಒಂದು ಮೆಸೇಜ್ ಓಡಾಡ್ತಿತ್ತು.

ರಾಯರು: ತರಿಸಬೇಡಿ. ಪರವಾನಗಿ ಇಲ್ಲದೆ ಪ್ರಸಾರ ಮಾಡೋದು ಅಪರಾಧ. ಸಮುದಾಯ ರೇಡಿಯೋದವರಿಗೂ ಅನುಮತಿ, ತರಂಗಾಂತರ ಎಲ್ಲಾ ಸಿಕ್ಕ ಮೇಲೇ, ಅದೂ ಸಾಮಾನ್ಯವಾಗಿ 100 ವಾಟ್‌ವರೆಗೆ. 108 ಮೆಗಾಹರ್ಟ್ಸ್ ದಾಟಿದ್ರೆ ವಿಮಾನದವರ ಜಾಗ. ಅಗ್ಗದ ಡಬ್ಬ ಅಲ್ಲಿಗೂ ಕಸ ಉಗುಳ್ತದೆ. ಮೆಸೇಜ್ ಕಳಿಸಿದವನು ಕೋರ್ಟಿಗೆ ಬರಲ್ಲ. ನಾಲ್ಕು ಸ್ಪೀಕರ್ ಕಟ್ಟಿಸಿ.

ಕಡೂರು ಕಿರಣ: ಸರ್, ನಮ್ಮ ಭಜನೆ ಮಂಡಳಿ ಇಂಟರ್ನೆಟ್ ರೇಡಿಯೋದಲ್ಲಿ ಹಾಡಿನ ಹೆಸರು ಕನ್ನಡದಲ್ಲಿ ಹಾಕಿದ್ರೆ ಚಿತ್ರವಿಚಿತ್ರ ಅಕ್ಷರ ಬರುತ್ತೆ. ಐಸ್‌ಕಾಸ್ಟ್ ಸರ್ವರ್, ಎಂಪಿ3.

ರಾಯರು: ಎಂಪಿ3 ಸ್ಟ್ರೀಮಿನ ಹೆಸರು ಹಳೇ ಲ್ಯಾಟಿನ್ ಅಕ್ಷರಪಟ್ಟಿಯಲ್ಲಿದೆ ಅಂತಲೇ ಐಸ್‌ಕಾಸ್ಟ್ ಭಾವಿಸ್ತದೆ. ಸರ್ವರಿನ ಮೌಂಟ್ (ನಿಮ್ಮ ಸ್ಟ್ರೀಮಿನ) ಸೆಟ್ಟಿಂಗಲ್ಲಿ ಚಾರ್‌ಸೆಟ್, ಅಂದ್ರೆ ಅಕ್ಷರಪಟ್ಟಿ, ಯುಟಿಎಫ್-8 ಮಾಡಿ.

ಜಾವಗಲ್ ಜೀವ: ಹಳೇ ವಾಲ್ವ್ ರೇಡಿಯೋ ಮನೇಲಿದೆ, ಹಾಸನದಲ್ಲಿ ಯಾರು ರಿಪೇರಿ ಮಾಡ್ತಾರೆ?

ಬಾಬಾಬುಡನ್ ಬೈಕ್: ಸ್ಟೇಷನ್ ಹೆಸರಿನ ಜಾಗದಲ್ಲೇ ಹಾಡಿನ ಹೆಸರು ಓಡಿಸಿದ್ರೆ ಎಲ್ಲಾ ಸೆಟ್ಟಲ್ಲೂ ಕಾಣುತ್ತಂತೆ, ವಿಡಿಯೋ ನೋಡಿದೆ. ಸ್ಟುಡಿಯೋ ಮೇಡಂ ಹಾಗೆ ಮಾಡಬಹುದಲ್ಲ?

ರಾಯರು: ಬೇಡ. ಪಿಎಸ್ ಕದಲಬಾರದು ಅಂತಲೇ ನಿಯಮ. ಎಂಟೆಂಟು ಅಕ್ಷರ ಕುಣಿಯೋದನ್ನ ಓದ್ತಾ ಕೂತ್ರೆ ರಸ್ತೆ ಯಾರು ನೋಡ್ತಾರೆ? ಸೆಟ್ ನೆನಪಿಟ್ಟುಕೊಳ್ಳೋ ಸ್ಟೇಷನ್ ಹೆಸರೂ ಹಾಡಿನ ತುಂಡಾಗಿರ್ತದೆ.

ಬಾಬಾಬುಡನ್ ಬೈಕ್: ಎಷ್ಟೋ ಕಡೆ ಮಾಡ್ತಾರಲ್ಲ ಸರ್.

ರಾಯರು: ಹೆಲ್ಮೆಟ್ ಹಾಕದೇ ಓಡಿಸೋರೂ ಎಷ್ಟೋ ಜನ ಇದಾರೆ.

ಕೊಪ್ಪ ಕಡೆಯವ: ಸರ್ ನನ್ನ ಕಾರಲ್ಲಿ ಹಾಡಿನ ಹೆಸರು ಬರ್ತಿಲ್ಲ, ಏನು ಕಾರಣ?

ರಾಯರು: ಅಡ್ಮಿನ್, ನನ್ನ ಮೊದಲ ಉತ್ತರ ಮೇಲೆ ಪಿನ್ ಮಾಡ್ತೀರಾ?

ಬಸ್‌ಸ್ಟ್ಯಾಂಡ್ ಬಾಸ್: ಫಾಯಿಲ್ ಟ್ರೈ ಮಾಡಿ ಕೊಪ್ಪದವರೇ.

ಅಡ್ಮಿನ್: ಬಾಸ್, ಇದು ಕೊನೇ ಎಚ್ಚರಿಕೆ.

ಸ್ಟುಡಿಯೋ ಹುಡುಗಿ: ಸರ್, ಎ/ಬಿ ಸರಿ ಮಾಡಿದೆ, ಬಾಲ ಹೋಯ್ತು! ಪಿಐ ಕೋಡ್ ಡಬ್ಬದಲ್ಲಿ ಬಂದಾಗ ಏನಿತ್ತೋ ಅದೇ ಇದೆ.

ರಾಯರು: ಸಂತೋಷ ತಾಯಿ. ಆ ಕೋಡ್ ಬದಲಾಯಿಸಬೇಕು. ಅದೇ ಕಂಪನಿಯ ಡಬ್ಬ ಇನ್ನೊಂದು ಸ್ಟೇಷನ್ನಲ್ಲೂ ಇದ್ರೆ ಎರಡಕ್ಕೂ ಒಂದೇ ಗುರುತು. ಕಾರು ಹೆಸರು ನೋಡಲ್ಲ, ಪಿಐ ನೋಡಿ "ಇದು ಅದೇ ಸ್ಟೇಷನ್" ಅಂದ್ಕೊಳ್ತದೆ. ಎಎಫ್ ಪಟ್ಟಿ, ಅಂದ್ರೆ ಅದೇ ಸ್ಟೇಷನ್ ಸಿಗೋ ಬೇರೆ ತರಂಗಾಂತರಗಳ ಪಟ್ಟಿ, ಖಾಲಿ ಬಿಡಿ, ನಿಮಗಿರೋದು ಒಂದೇ ಟ್ರಾನ್ಸ್‌ಮಿಟರ್. ಟಿಎ ಆಫ್ ಆಯ್ತಾ?

ಸ್ಟುಡಿಯೋ ಹುಡುಗಿ: ಅದೇ ಸರ್... ಸಮಿತಿಯವರು ಇರಲಿ ಅಂತಿದಾರೆ. ಕೇಳುಗರು ಜಾಸ್ತಿ ಆಗಿದಾರಂತೆ.

ರಾಯರು: ಅಧ್ಯಕ್ಷರ ನಂಬರ್ ನನಗೆ ಪ್ರತ್ಯೇಕವಾಗಿ ಕಳಿಸಮ್ಮ. ನಾನೇ ಮಾತಾಡ್ತೀನಿ.