ಬಾಯಿ ಬಿಟ್ಟರೆ ಜಗಳ, ಸುಮ್ಮನಿದ್ದರೆ ಒಳಗೊಳಗೇ ಕುದಿತ: ಇದನ್ನು ಕಲಿಯುವುದು ಹೇಗೆ?

ಗೂಡುದೀಪ:
ಎಲ್ಲರಿಗೂ ನಮಸ್ಕಾರ. ನಾನು ಮತ್ತು ಇನ್ನೊಬ್ಬರು ಒಂದೇ ತಂಡದಲ್ಲಿದ್ದೇವೆ, ಇಬ್ಬರದೂ ಒಂದೇ ಹುದ್ದೆ. ನಾನು ಮುಗಿಸಿಟ್ಟ ವರದಿಯನ್ನು ಅವರು ನನಗೆ ಹೇಳದೆ ತಿದ್ದಿ ಮೇಲಕ್ಕೆ ಕಳಿಸಿಬಿಡುತ್ತಾರೆ. ಕೇಳಿದರೆ "ತಪ್ಪಿತ್ತು, ಸರಿ ಮಾಡಿದೆ, ಅದರಲ್ಲೇನು?" ಅನ್ನುತ್ತಾರೆ. ಅಲ್ಲಿಂದ ಮಾತಿಗೆ ಮಾತು ಬೆಳೆದು ಹಳೇ ಪುರಾಣವೆಲ್ಲ ಹೊರಗೆ ಬರುತ್ತದೆ, ಆಮೇಲೆ ವಾರಗಟ್ಟಲೆ ಮುಖ ಕೊಟ್ಟು ಮಾತಿಲ್ಲ. ಅವರು ಕೆಟ್ಟವರಲ್ಲ, ಕೆಲಸದಲ್ಲಿ ಚುರುಕು, ಅದನ್ನೂ ಹೇಳಿಬಿಡುತ್ತೇನೆ. ತಪ್ಪು ಯಾರದ್ದು ಅನ್ನುವ ತೀರ್ಪು ಬೇಡ. ಇಂಥ ಮಾತನ್ನು ಹದವಾಗಿ ಆಡುವುದನ್ನು ಕಲಿಯಬಹುದಾ, ಇಲ್ಲ ಇದು ಹುಟ್ಟುಗುಣವಾ? "ತಾಳ್ಮೆ ಇರಲಿ" ಅನ್ನಬೇಡಿ ದಯವಿಟ್ಟು, ಅದು ಉಚಿತವಾಗಿ ಎಲ್ಲ ಕಡೆ ಸಿಗುತ್ತದೆ.

ಹಳೇಪೆನ್ನು:
ಕಲಿಯಬಹುದು. ಆದರೆ ಜಗಳದ ಮಧ್ಯೆ ಕಲಿಯಲು ಆಗುವುದಿಲ್ಲ. ಕೋಪ ಬಂದಾಗ ಎದೆ ಡವಡವ ಹೊಡೆದುಕೊಳ್ಳುತ್ತದಲ್ಲ, ಆಗ ಎದುರಿನವರ ಮಾತು ಕಿವಿಗೆ ಬಿದ್ದರೂ ತಲೆಗೆ ಹೋಗುವುದಿಲ್ಲ. ದಂಪತಿಗಳ ಜಗಳವನ್ನೇ ದಶಕಗಟ್ಟಲೆ ಅಧ್ಯಯನ ಮಾಡಿದ ಅಮೆರಿಕದ ಮನಶ್ಶಾಸ್ತ್ರಜ್ಞ ಜಾನ್ ಗಾಟ್‌ಮನ್ ಹೇಳುವುದೂ ಇದನ್ನೇ: ನಾಡಿಬಡಿತ ನಿಮಿಷಕ್ಕೆ 100 ದಾಟಿತು ಅಂದರೆ ಮಾತು ನಿಲ್ಲಿಸಿ, ಕಡೇಪಕ್ಷ 20 ನಿಮಿಷ ಬಿಡುವು ತಗೊಳ್ಳಿ. ಮೈ ತಣ್ಣಗಾಗಲು ಅಷ್ಟಾದರೂ ಬೇಕು. ಆದರೆ ಸುಮ್ನೆ ಎದ್ದು ಹೋಗಬೇಡಿ, ಅದು ಅವಮಾನ ಮಾಡಿದ ಹಾಗೆ. "ಅರ್ಧ ಗಂಟೆ ಬಿಟ್ಟು ಮಾತಾಡೋಣ" ಅಂತ ಹೇಳಿ ಹೋಗಿ, ಹೇಳಿದ ಹೊತ್ತಿಗೆ ವಾಪಸ್ ಬನ್ನಿ. ಆ ಬಿಡುವಿನಲ್ಲಿ "ಅವರು ಹಾಗಂದರು, ನಾನು ಹೀಗನ್ನಬೇಕಿತ್ತು" ಅಂತ ಮನಸ್ಸಿನಲ್ಲೇ ಇನ್ನೊಂದು ಸುತ್ತು ಜಗಳ ಆಡಿದರೆ ಬಿಡುವು ತಗೊಂಡೂ ದಂಡ.

ಇನ್ನೊಂದು, ಮೊದಲ ವಾಕ್ಯ. ಮುಕ್ಕಾಲು ಪಾಲು ಅಲ್ಲೇ ತೀರ್ಮಾನ ಆಗಿಬಿಡುತ್ತದೆ. "ನೀವು ಯಾವಾಗಲೂ ಹೀಗೇ" ಅಂದಿರೋ, ಅವರು ಹಾಗೆ ಮಾಡದ ಒಂದು ದಿನವನ್ನು ಹುಡುಕಿ ತಂದು ಮುಂದಿಡುತ್ತಾರೆ, ವರದಿಯ ವಿಷಯ ಅಲ್ಲಿಗೆ ಮುಗಿಯಿತು. ಅದರ ಬದಲು ಹೀಗೆ ಹೇಳಿ ನೋಡಿ: "ಸೋಮವಾರದ ವರದಿಯಲ್ಲಿ ಎರಡು ಪುಟ ಬದಲಾಗಿತ್ತು, ಸಭೆಯಲ್ಲಿ ಅದರ ಬಗ್ಗೆ ಕೇಳಿದಾಗ ನನ್ನ ಹತ್ತಿರ ಉತ್ತರ ಇರಲಿಲ್ಲ, ಇನ್ನು ಮುಂದೆ ಕಳಿಸುವ ಮೊದಲು ನನಗೊಮ್ಮೆ ತೋರಿಸುತ್ತೀರಾ?" ನಡೆದದ್ದು ಏನು, ನಿಮಗೆ ಆದ ತೊಂದರೆ ಏನು, ನಿಮಗೆ ಏನು ಬೇಕು, ಅಷ್ಟೇ. ಅವರ ಗುಣದ ಬಗ್ಗೆ ಒಂದಕ್ಷರ ಇಲ್ಲ. ಇದನ್ನು ಬಾಯಿಬಿಟ್ಟು ಹೇಳಿ ಅಭ್ಯಾಸ ಮಾಡಿ, ತಲೆಯಲ್ಲಿ ಅಂದುಕೊಂಡರೆ ಸಾಲದು. ಮೊದಲು ಸಣ್ಣಪುಟ್ಟ ವಿಷಯಗಳಲ್ಲಿ ಪ್ರಯೋಗಿಸಿ. ಈಜು ಕಲಿಯಲು ಯಾರೂ ನೆರೆ ಬಂದ ಹೊಳೆಗೆ ಇಳಿಯುವುದಿಲ್ಲ ಅಲ್ವಾ.

ಅಡ್ಡಮಾತು:
ಹಳೇಪೆನ್ನು ಅವರೇ, ಬಿಡುವಿನ ಮಾತು ಒಪ್ಪಿದೆ. ಈ ಅಚ್ಚು ಹಾಕಿದ ವಾಕ್ಯಗಳ ಬಗ್ಗೆ ಮಾತ್ರ ನನಗೆ ತಕರಾರಿದೆ. ತರಬೇತಿಗೆ ಹೋಗಿ ಬಂದವರು "ನೀವು ಬೇಜವಾಬ್ದಾರಿ ಅಂತ ನನಗೆ ಅನಿಸುತ್ತಿದೆ" ಅಂತ ಮೆತ್ತಗೆ ಹೇಳುವುದನ್ನು ಕೇಳಿದ್ದೇನೆ. ದನಿ ಇಳಿಸಿದರೂ ಬೈದದ್ದು ಬೈದದ್ದೇ, ಕೇಳುವವರಿಗೆ ಅದು ತಕ್ಷಣ ಗೊತ್ತಾಗುತ್ತದೆ.

ನನ್ನ ಪ್ರಕಾರ ಮೊದಲು ಕಲಿಯಬೇಕಾದದ್ದು ಇಬ್ಬರೂ ಹಿಡಿದಿರುವ ಪಟ್ಟಿನ ಹಿಂದೆ ಏನಿದೆ ಅಂತ ವಿಚಾರಿಸುವುದನ್ನು. ಮೇರಿ ಪಾರ್ಕರ್ ಫಾಲೆಟ್ ಅನ್ನುವ ಅಮೆರಿಕದ ಚಿಂತಕಿ 1925ರ ಒಂದು ಉಪನ್ಯಾಸದಲ್ಲಿ ತಮ್ಮದೇ ಪ್ರಸಂಗ ಹೇಳಿದ್ದರು. ಹಾರ್ವರ್ಡ್ ಗ್ರಂಥಾಲಯದ ಸಣ್ಣ ಕೋಣೆಯಲ್ಲಿ ಒಬ್ಬರಿಗೆ ಕಿಟಕಿ ತೆಗೆಯಬೇಕು, ಇವರಿಗೆ ಮುಚ್ಚಬೇಕು. ಕೊನೆಗೆ ಯಾರೂ ಕೂತಿರದ ಪಕ್ಕದ ಕೋಣೆಯ ಕಿಟಕಿ ತೆಗೆದರು. ಅವರಿಗೆ ಬೇಕಿದ್ದದ್ದು ಗಾಳಿ. ಇವರಿಗೆ ಬೇಡವಾಗಿದ್ದದ್ದು ತಣ್ಣನೆ ಗಾಳಿ ನೇರ ಮೈಮೇಲೆ ಬೀಳುವುದು. ಅರ್ಧ ಕಿಟಕಿ ತೆಗೆದಿದ್ದರೆ ಇಬ್ಬರಿಗೂ ಅರ್ಧ ಬೇಜಾರು ಉಳಿಯುತ್ತಿತ್ತು.

ನಿಮ್ಮ ವಿಷಯಕ್ಕೆ ಬಂದರೆ, ತಪ್ಪಿರುವ ವರದಿ ತಂಡದ ಹೆಸರಲ್ಲಿ ಹೋಗುತ್ತದಲ್ಲ ಅನ್ನುವ ಹೆದರಿಕೆ ಅವರಿಗೆ ಇರಬಹುದು. ನಿಮಗೆ ಸಭೆಯಲ್ಲಿ ಪೆಚ್ಚಾಗುವುದು ಬೇಡ. ಇವೆರಡೂ ಒಂದಕ್ಕೊಂದು ಅಡ್ಡ ಬರುವುದೇ ಇಲ್ಲ. ಆದರೆ ಇದು ನನ್ನ ಊಹೆ, ನೀವು ಅವರನ್ನೇ ಕೇಳಬೇಕು. "ಯಾಕೆ ತಿದ್ದಿದಿರಿ?" ಅಂದರೆ ವಿಚಾರಣೆ ಮಾಡಿದ ಹಾಗಿರುತ್ತದೆ, "ಆ ಪುಟಗಳಲ್ಲಿ ನಿಮಗೆ ಏನು ಸರಿ ಕಾಣಲಿಲ್ಲ?" ಅಂದರೆ ಬಾಯಿ ಬಿಡುತ್ತಾರೆ. ಅವರು ಹೇಳಿದ್ದನ್ನು ನಿಮ್ಮ ಮಾತಿನಲ್ಲಿ ಒಮ್ಮೆ ತಿರುಗಿ ಹೇಳಿ, ಸರಿಯಾಗಿ ಅರ್ಥವಾಯಿತಾ ಅಂತ ಕೇಳಿ, ಆಮೇಲೆ ನಿಮ್ಮದು.

ಮಳೆಹನಿ:
ಒಂದು ಸಣ್ಣ ಮಾತು. ಎಲ್ಲವನ್ನೂ ಹೀಗೆ ಕೂತು ಬಿಡಿಸಬೇಕು ಅಂತಿಲ್ಲ. ಥಾಮಸ್ ಮತ್ತು ಕಿಲ್ಮನ್ ಅನ್ನುವವರು 1974ರಲ್ಲಿ ಒಂದು ಪ್ರಶ್ನಾವಳಿ ಮಾಡಿದರು, ಅದರಲ್ಲಿ ಪಟ್ಟು ಹಿಡಿಯುವುದು, ಬಿಟ್ಟುಕೊಡುವುದು, ತಪ್ಪಿಸಿಕೊಳ್ಳುವುದು, ನಿಮಗಿಷ್ಟು ನಮಗಿಷ್ಟು ಅನ್ನುವುದು, ಇಬ್ಬರಿಗೂ ಪೂರ್ತಿ ಆಗುವ ದಾರಿ ಹುಡುಕುವುದು ಅಂತ ಐದು ಬಗೆ. ಐದಕ್ಕೂ ಅದರದರ ಸಮಯ ಇದೆ. ನಾಳೆಗೆ ನೆನಪೂ ಇರದ ವಿಷಯಕ್ಕೆ ಅರ್ಧ ದಿನ ಕೂತು ಚರ್ಚೆ ಯಾಕೆ? ಮತ್ತೆ, ಎದುರಿನವರು ಮೇಲಧಿಕಾರಿಯಾಗಿದ್ದು ಹೆದರಿಸುತ್ತಿದ್ದರೆ ಈ ಉಪಾಯಗಳೆಲ್ಲ ಬೇಡ, ತಾರೀಖು ಸಮೇತ ಬರೆದಿಟ್ಟು ದೂರು ಕೊಡಿ. ನೀವು ಸಮಾನರು ಅಂದಿದ್ದೀರಿ, ಹಾಗಾಗಿ ಇಲ್ಲಿ ಆ ಪ್ರಶ್ನೆ ಇಲ್ಲ.

ಗೂಡುದೀಪ:
ಕಿಟಕಿ ವಿಷಯ ತುಂಬಾ ಹಿಡಿಸಿತು. ಆದರೆ ನಾನು ಎಷ್ಟೇ ಹದವಾಗಿ ಶುರು ಮಾಡಿದರೂ ಅವರು ನಡುವೆ ಹಳೆಯದನ್ನು ಎಳೆದು ತಂದರೆ?

ಹಳೇಪೆನ್ನು:
ಅದರಲ್ಲಿ ನಿಜ ಇದ್ದಷ್ಟನ್ನು ಒಂದೇ ಸಾಲಿನಲ್ಲಿ ಒಪ್ಪಿಕೊಳ್ಳಿ, "ಆದರೆ" ಅಂತ ಮುಂದುವರಿಸಬೇಡಿ. ಬಾಕಿ ಇದ್ದರೆ "ಅದನ್ನೂ ಮಾತಾಡಬೇಕು, ಬರೆದುಕೊಂಡಿದ್ದೇನೆ, ಇವತ್ತು ಸೋಮವಾರದ ವರದಿಯದ್ದು ಮುಗಿಸೋಣ" ಅನ್ನಿ. ಅವರೆದುರೇ ಬರೆದುಕೊಳ್ಳಿ. ಮುಂದಿನ ವಾರ ನೀವೇ ಹೋಗಿ ಆ ವಿಷಯ ಎತ್ತಿ, ಇಲ್ಲದಿದ್ದರೆ ಇನ್ನೊಂದು ಸಲ ನಂಬುವುದಿಲ್ಲ. ಇದನ್ನೆಲ್ಲ ವಾಟ್ಸ್ಆ್ಯಪ್‌ನಲ್ಲಿ ಬರೆದು ಕಳಿಸಬೇಡಿ, ಎದುರಾಎದುರು ಕೂತು ಹೇಳಿ. ಸಭೆಗೆ ಹತ್ತು ನಿಮಿಷ ಇರುವಾಗಲಂತೂ ಬೇಡವೇ ಬೇಡ.