ಪದಚರ್ಚೆ: ‘ನಿರಂಕುಶ ಪ್ರಭುತ್ವ’ ಎಂದರೆ ಅಂಕುಶವೇ ಇರಲಿಲ್ಲವೇ?

ಗೆಳೆಯರೇ, ನಮಸ್ಕಾರ.

ಪದವಿ ವಿದ್ಯಾರ್ಥಿಗಳಿಗಾಗಿ ಯುರೋಪಿನ ಇತಿಹಾಸದ ಒಂದು ಪಾಠವನ್ನು ಕನ್ನಡಕ್ಕೆ ತರುತ್ತಿದ್ದೇನೆ. ಮೊನ್ನೆ ಕರಡು ತಿದ್ದುವವರು ಒಂದು ವಾಕ್ಯದ ಪಕ್ಕ ಪೆನ್ಸಿಲಿನಲ್ಲಿ ದೊಡ್ಡ ಪ್ರಶ್ನೆ ಚಿಹ್ನೆ ಹಾಕಿ ಕಳಿಸಿದರು. ನಾನು ಬರೆದಿದ್ದ ವಾಕ್ಯ ಇದು: “ನಿರಂಕುಶ ಪ್ರಭುವಾಗಿದ್ದ ಹದಿನಾಲ್ಕನೇ ಲೂಯಿ ತೀರಿಕೊಂಡ ಮರುದಿನವೇ ಪ್ಯಾರಿಸಿನ ಸಂಸತ್ತು ಅವನ ಉಯಿಲನ್ನು ಬದಿಗೊತ್ತಿತು.” ಕೆಳಗೆ ಅವರ ಟಿಪ್ಪಣಿ: “ಅಂಕುಶವೇ ಇಲ್ಲದವನ ಉಯಿಲನ್ನು ಬೇರೆಯವರು ಬದಿಗೊತ್ತೋದು ಹೇಗೆ? ಸಂಸತ್ತು ಬೇರೆ ಇತ್ತಾ?”

ಎರಡೂ ನ್ಯಾಯವಾದ ಪ್ರಶ್ನೆಗಳೇ. ಘಟನೆ ನಡೆದದ್ದು ನಿಜ. ಎಡವಟ್ಟಾಗಿರುವುದು ನಾನು ಬಳಸಿದ ಪದಗಳಲ್ಲಿ.

ಮೊದಲು ‘ನಿರಂಕುಶ’ವನ್ನೇ ನೋಡೋಣ. ಅಂಕುಶ ಅಂದರೆ ಮಾವುತನ ಕೈಯಲ್ಲಿರುವ ಗಿಡ್ಡ ಕೋಲು. ತುದಿಯಲ್ಲಿ ಚೂಪಾದ ಕಬ್ಬಿಣ, ಪಕ್ಕದಲ್ಲೊಂದು ಕೊಕ್ಕೆ. ಅದು ಇಲ್ಲ ಅಂದ ಕೂಡಲೇ ನಮ್ಮ ಕಣ್ಣ ಮುಂದೆ ಬರುವುದು ಮದವೇರಿ ಊರೊಳಗೆ ನುಗ್ಗಿದ ಆನೆ. ಹಾಗಾಗಿ ಈ ಪದ ‘ತುಂಬಾ ಅಧಿಕಾರ ಇರುವವನು’ ಅಂತಷ್ಟೇ ಹೇಳುವುದಿಲ್ಲ, ‘ಹುಷಾರು’ ಅಂತಲೂ ಹೇಳುತ್ತದೆ. ಹಿಂದೆ ಹೀಗೇ ಇರಲಿಲ್ಲ. ‘ನಿರಂಕುಶಾಃ ಕವಯಃ’ ಎಂಬ ಮಾತಿನಲ್ಲಿ ಅದು ಕವಿಗೆ ಕೊಟ್ಟ ಸಲುಗೆ. ಕುವೆಂಪು ಅವರು ಯುವಕರಿಗೆ ‘ನಿರಂಕುಶಮತಿಗಳಾಗಿ’ ಎಂದು ಕರೆಕೊಟ್ಟಾಗ ಅದು ಹೊಗಳಿಕೆ. ಮತಿಗೆ ಸೇರಿದಾಗ ಒಳ್ಳೆಯದಾದ ಪದ ಪ್ರಭುತ್ವಕ್ಕೆ ಸೇರಿದಾಗ ಬೈಗುಳವಾಗಿದೆ.

ಯುರೋಪಿನ ಮೂಲ ಪದದಲ್ಲಿ ಆನೆಯೂ ಇಲ್ಲ, ಚುಚ್ಚುವ ಕೋಲೂ ಇಲ್ಲ. ಲ್ಯಾಟಿನ್ನಿನ ‘ಅಬ್ಸೊಲ್ಯೂಟಸ್’ ಅಂದರೆ ಬಿಚ್ಚಿದ್ದು, ಕಟ್ಟಿನಿಂದ ಬಿಡಿಸಿದ್ದು. ‘ದೊರೆ ಕಾನೂನಿನ ಕಟ್ಟಿನಿಂದ ಬಿಡಿಸಿಕೊಂಡವನು’ ಎಂಬುದು ರೋಮಿನ ನ್ಯಾಯಶಾಸ್ತ್ರಜ್ಞ ಉಲ್ಪಿಯನ್‌ನ ಹಳೆಯ ಸೂತ್ರ. ಅದನ್ನು ಎತ್ತಿಕೊಂಡು ದೊಡ್ಡ ವಾದವಾಗಿ ಬೆಳೆಸಿದವನು ಫ್ರಾನ್ಸಿನ ನ್ಯಾಯಪಂಡಿತ ಝಾನ್ ಬೊದಾ, 1576ರಲ್ಲಿ. ಆಗ ಫ್ರಾನ್ಸಿನಲ್ಲಿ ಕ್ಯಾಥೊಲಿಕರೂ ಪ್ರೊಟೆಸ್ಟೆಂಟರೂ ಒಬ್ಬರನ್ನೊಬ್ಬರು ಕೊಲ್ಲುತ್ತಿದ್ದರು. ಪ್ಯಾರಿಸಿನ ಸೇಂಟ್ ಬಾರ್ಥೊಲೊಮ್ಯೂ ಹತ್ಯಾಕಾಂಡ ನಡೆದು ನಾಲ್ಕೇ ವರ್ಷವಾಗಿತ್ತು. ಕೊನೆಯ ಮಾತು ಒಬ್ಬನದೇ ಆಗಿರಲಿ, ಅವನು ಯಾರ ಒಪ್ಪಿಗೆಗೂ ಕಾಯದೆ ಕಾನೂನು ಮಾಡಲಿ ಎಂದ ಬೊದಾ. ಆದರೆ ಅದೇ ಬೊದಾ ಇನ್ನೂ ಒಂದು ಮಾತು ಸೇರಿಸಿದ. ದೇವರ ಕಟ್ಟಳೆ, ಪ್ರಕೃತಿಯ ಕಟ್ಟಳೆ, ಪಟ್ಟ ಯಾರಿಗೆ ಸೇರಬೇಕೆಂಬ ನಿಯಮ, ತಾನೇ ಮಾಡಿಕೊಂಡ ಕರಾರು, ಇವೆಲ್ಲ ದೊರೆಯನ್ನೂ ಕಟ್ಟುತ್ತವೆ. ಪ್ರಜೆಯ ಆಸ್ತಿಯನ್ನು ಸುಮ್ನೆ ಕಿತ್ತುಕೊಳ್ಳುವ ಹಾಗಿಲ್ಲ. ಒಂದು ಗೂಟದಿಂದ ಹಗ್ಗ ಬಿಚ್ಚಿದೆ, ಉಳಿದ ಗೂಟಗಳಿಗೆ ಕಟ್ಟಿದ್ದು ಹಾಗೇ ಇದೆ.

ಈಗ ಉಯಿಲಿನ ಕಥೆ. ಇದನ್ನು ಓದಿದಾಗಿನಿಂದ ನನ್ನ ತಲೆಯಿಂದ ಹೋಗುತ್ತಲೇ ಇಲ್ಲ. ಫ್ರಾನ್ಸಿನ ದೊರೆ ಲೂಯಿ ತೀರಿಕೊಂಡದ್ದು 1715ರ ಸೆಪ್ಟೆಂಬರ್ 1ರಂದು, 72 ವರ್ಷ ಪಟ್ಟದಲ್ಲಿದ್ದ ಮೇಲೆ. ಮುಂದಿನ ದೊರೆ ಐದು ವರ್ಷದ ಮರಿಮಗ. ತಮ್ಮನ ಮಗ ಓರ್ಲಿಯನ್ಸ್ ಡ್ಯೂಕ್ ರಾಜ್ಯ ನೋಡಿಕೊಳ್ಳಬೇಕಾಗಿತ್ತು. ಆದರೆ ಲೂಯಿಗೆ ಅವನ ಮೇಲೆ ಭರವಸೆ ಇರಲಿಲ್ಲ. ಹಾಗಾಗಿ 1714ರಲ್ಲೇ ಉಯಿಲು ಬರೆದು ಅವನ ಕೈ ಕಟ್ಟಿದ. ಆ ಉಯಿಲನ್ನು ಪ್ಯಾರಿಸಿನ ನ್ಯಾಯಾಲಯದ (ನಾನು ‘ಸಂಸತ್ತು’ ಅಂದದ್ದು ಇದನ್ನೇ) ಗೋಪುರದ ಗೋಡೆಯೊಳಗೆ ಇಟ್ಟು, ಕಬ್ಬಿಣದ ಬಾಗಿಲು ಹಾಕಿ, ಮೂರು ಬೀಗ ಜಡಿದು, ಮೂರು ಕೀಲಿಗಳನ್ನು ಮೂವರಿಗೆ ಕೊಟ್ಟಿದ್ದರು. ಸೆಪ್ಟೆಂಬರ್ 2ರಂದು ಅದನ್ನು ತೆಗೆದು ಓದಿದರು. ಅದೇ ದಿನ ಆ ನ್ಯಾಯಾಲಯದವರು ಉಯಿಲನ್ನು ಬದಿಗೊತ್ತಿ ಡ್ಯೂಕನಿಗೆ ಪೂರ್ತಿ ಅಧಿಕಾರ ಕೊಟ್ಟರು. ಇದರಲ್ಲಿ ಕೊಡು-ಕೊಳ್ಳುವುದೂ ಇತ್ತು. ರಾಜಾಜ್ಞೆಯನ್ನು ದಾಖಲೆ ಮಾಡಿಕೊಳ್ಳುವ ಮೊದಲು ಆಕ್ಷೇಪ ಹೇಳುವ ಹಕ್ಕನ್ನು 1673ರಲ್ಲಿ ಲೂಯಿ ಆ ನ್ಯಾಯಾಲಯದಿಂದ ಕಸಿದಿದ್ದ. ಡ್ಯೂಕ್ ಅದನ್ನು ವಾಪಸ್ ಕೊಟ್ಟ.

ಇಷ್ಟೇ ಅಲ್ಲ. 1643ರಲ್ಲಿ ಲೂಯಿಯ ಅಪ್ಪ ಹದಿಮೂರನೇ ಲೂಯಿ ಸತ್ತಾಗಲೂ ಇದೇ ನ್ಯಾಯಾಲಯ ಇದೇ ರೀತಿ ಅವನ ಏರ್ಪಾಡನ್ನು ಬದಿಗೊತ್ತಿತ್ತು. ಆ ದಿನ ಅಲ್ಲಿ ದೊರೆಯಾಗಿ ಕೂತಿದ್ದವನು ನಾಲ್ಕು ವರ್ಷದ ನಮ್ಮ ಈ ಲೂಯಿಯೇ. ಬದುಕಿದ್ದಾಗ ಇಡೀ ಯುರೋಪನ್ನು ನಡುಗಿಸಿದವನ ಮಾತು ಸತ್ತ ಮೇಲೆ ಒಂದು ದಿನವೂ ಉಳಿಯಲಿಲ್ಲ.

ಕರಡು ತಿದ್ದುವವರ ಎರಡನೇ ಪ್ರಶ್ನೆಗೂ ಉತ್ತರ ಇಲ್ಲೇ ಇದೆ. ಫ್ರೆಂಚರ ‘ಪಾರ್ಲಮಾಂ’ ಸಂಸತ್ತಲ್ಲ, ದೊಡ್ಡ ನ್ಯಾಯಾಲಯ. ಆಜ್ಞೆಗಳನ್ನು ದಾಖಲೆ ಪುಸ್ತಕಕ್ಕೆ ಸೇರಿಸುವ ಕೆಲಸ ಅದರದು. ಸಂಸತ್ತಿಗೆ ಹತ್ತಿರವಾಗಿದ್ದದ್ದು ಪಾದ್ರಿಗಳು, ಕುಲೀನರು, ಉಳಿದ ಜನ ಎಂಬ ಮೂರು ವರ್ಗಗಳ ಮಹಾಸಭೆ. ಅದು 1614ರಲ್ಲಿ ಸೇರಿದ್ದು ಬಿಟ್ಟರೆ ಮತ್ತೆ ಸೇರಿದ್ದು 1789ರಲ್ಲಿ, 175 ವರ್ಷ ಕಳೆದು. ಇಂಗ್ಲಿಷಿನ ನೆನಪಿನಲ್ಲಿ ನಾನು ಸಂಸತ್ತು ಅಂತ ಬರೆದುಬಿಟ್ಟಿದ್ದೆ. ‘ನ್ಯಾಯಸಭೆ’ ಅಂತ ತಿದ್ದಿದ್ದೇನೆ.

ಈ ನ್ಯಾಯಸಭೆ ಆಜ್ಞೆಯನ್ನು ದಾಖಲಿಸದೆ ಹಟ ಹಿಡಿದರೆ ದೊರೆ ತಾನೇ ಬಂದು ಕೂತು ದಾಖಲೆ ಮಾಡಿಸುತ್ತಿದ್ದ. ಆ ಕಲಾಪದ ಫ್ರೆಂಚ್ ಹೆಸರಿನ ನೇರ ಅರ್ಥ ‘ನ್ಯಾಯದ ಹಾಸಿಗೆ’. ಸಭೆಯ ಮೂಲೆಯಲ್ಲಿ ಮೇಲುಕಟ್ಟಿನ ಕೆಳಗೆ ಕೂರಲು, ಒರಗಲು, ಕೈಯಿಡಲು, ಕಾಲಿಡಲು ದಿಂಬುಗಳನ್ನು ಜೋಡಿಸಿ ದೊರೆಗೆ ಆಸನ ಮಾಡುತ್ತಿದ್ದರು. ‘ಹಾಸಿಗೆ’ ಅಂತ ಬರೆದರೆ ಓದುವವರಿಗೆ ಏನೂ ತಿಳಿಯದು ಅಂತ ಎರಡು ದಿನ ಒದ್ದಾಡಿದೆ. ಆಮೇಲೆ ಹೊಳೆಯಿತು, ನಮ್ಮ ‘ಗದ್ದುಗೆ’ ಇದೆಯಲ್ಲ! ಮೆತ್ತನೆಯ ಹಾಸೂ ಅದೇ, ಸಿಂಹಾಸನವೂ ಅದೇ. ‘ನ್ಯಾಯದ ಗದ್ದುಗೆ’. ಮಠದ ಗದ್ದುಗೆಯ ನೆನಪು ಬಂದರೂ ಅಡ್ಡಿಯಿಲ್ಲ ಅನ್ನಿಸುತ್ತದೆ, ಕೂತವರ ಮಾತಿಗೆ ಅಲ್ಲೂ ತೂಕ ಇದೆ. ಇದಕ್ಕಿಂತ ಒಳ್ಳೆಯದು ಯಾರಿಗಾದರೂ ಹೊಳೆದರೆ ಹೇಳಿ.

ಇನ್ನೊಂದು ಮಾತು. ಆಜ್ಞೆಗಳ ಕೊನೆಗೆ ‘ಏಕೆಂದರೆ ಇದು ನಮ್ಮ ಪ್ಲೆಝೀರ್’ ಅಂತ ಬರೆಯುತ್ತಿದ್ದರು. ‘ನಮ್ಮ ಖುಷಿ’ ಅಂತ ಮಾಡಿದರೆ ದೊರೆ ತಿಕ್ಕಲನ ಹಾಗೆ ಕಾಣುತ್ತಾನೆ. ಅಲ್ಲಿ ಅದರ ಅರ್ಥ ‘ಯೋಚಿಸಿ ತೀರ್ಮಾನಿಸಿದ್ದೇವೆ’ ಎಂದು. ‘ಮಹಾಸ್ವಾಮಿಯವರ ಚಿತ್ತ’ ಅನ್ನುವ ನಮ್ಮ ಅರಮನೆ ಮಾತು ಇಲ್ಲಿ ಸರಿಯಾಗಿ ಕೂರುತ್ತದೆ. ‘ಇದು ನಮ್ಮ ಚಿತ್ತ’ ಅಂತ ಹಾಕಿದ್ದೇನೆ.

ದೊರೆಯ ಅಧಿಕಾರ ಬೆಳೆದದ್ದು ಸುಳ್ಳಲ್ಲ. 1648ರಿಂದ 1653ರವರೆಗೆ ನಡೆದ ‘ಫ್ರೋಂದ್’ ದಂಗೆಯ ಹೊತ್ತಿಗೆ ಲೂಯಿ ಇನ್ನೂ ಹುಡುಗ. ದೊರೆ ಊರು ಬಿಟ್ಟು ಹೋಗಿದ್ದಾನೋ ಇಲ್ಲವೋ ಅಂತ ನೋಡಲು ಒಂದು ರಾತ್ರಿ ಪ್ಯಾರಿಸಿನ ಜನ ಅವನ ಮಲಗುವ ಕೋಣೆಗೇ ನುಗ್ಗಿದ್ದರು. 1661ರಲ್ಲಿ ಮಂತ್ರಿ ಮಜರಾಂ ಸತ್ತ ಮೇಲೆ ಇನ್ನು ಮುಖ್ಯಮಂತ್ರಿಯೇ ಬೇಡ ಎಂದ. ಜಿಲ್ಲೆ ಜಿಲ್ಲೆಗೂ ತನ್ನ ಅಧಿಕಾರಿಗಳನ್ನು ಇಟ್ಟ. 1682ರಲ್ಲಿ ಆಸ್ಥಾನವನ್ನು ವರ್ಸೇಲ್ಸಿಗೆ ತಂದು ದೊಡ್ಡ ದೊಡ್ಡ ಮನೆತನದವರನ್ನೆಲ್ಲ ಕಣ್ಣಳತೆಯಲ್ಲಿ ಇಟ್ಟುಕೊಂಡ.

ಆದರೂ ಉಪ್ಪಿನ ಬೆಲೆಯನ್ನು ದೇಶಕ್ಕೆಲ್ಲ ಒಂದೇ ಮಾಡಲು ಅವನಿಗೂ ಆಗಲಿಲ್ಲ, ಅವನ ನಂತರದವರಿಗೂ ಆಗಲಿಲ್ಲ. ಬ್ರಿಟನಿ ಪ್ರಾಂತ್ಯಕ್ಕೆ ಹಳೆಯ ಕರಾರಿನ ಪ್ರಕಾರ ಉಪ್ಪಿನ ತೆರಿಗೆ ಇಲ್ಲ. ಗಡಿ ದಾಟಿ ಪಕ್ಕದ ಮೇನ್‌ಗೆ ಬಂದರೆ ಅದೇ ಉಪ್ಪಿಗೆ ಹತ್ತು ಪಟ್ಟಿಗಿಂತ ಜಾಸ್ತಿ ಬೆಲೆ. ಹೆಂಗಸರು, ಮಕ್ಕಳು ಎಲ್ಲ ಉಪ್ಪನ್ನು ಬಚ್ಚಿಟ್ಟು ಸಾಗಿಸುತ್ತಿದ್ದರು. ದೊಡ್ಡ ಹುದ್ದೆಗಳದ್ದೂ ಇದೇ ಪಾಡು. ದುಡ್ಡಿಗಾಗಿ ದೊರೆಗಳೇ ಹುದ್ದೆ ಮಾರಿದ್ದರು. 1604ರಿಂದ ಬೆಲೆಯ ಅರವತ್ತನೇ ಒಂದು ಪಾಲನ್ನು ವರ್ಷ ವರ್ಷ ಕಟ್ಟಿದರೆ ಹುದ್ದೆ ಮಕ್ಕಳಿಗೂ ಸಿಗುತ್ತಿತ್ತು. ದುಡ್ಡು ವಾಪಸ್ ಕೊಡದೆ ನ್ಯಾಯಾಧೀಶನನ್ನು ಮನೆಗೆ ಕಳಿಸುವುದು ಹೇಗೆ?

ಹಾಗಂತ ‘ನಿರಂಕುಶ’ವನ್ನು ಪೂರ್ತಿ ಕೈಬಿಡಲು ನನಗೆ ಮನಸ್ಸಿಲ್ಲ. 1681ರಿಂದ ಲೂಯಿ ಪ್ರೊಟೆಸ್ಟೆಂಟರ ಮನೆಗಳಲ್ಲಿ ಸೈನಿಕರನ್ನು ಬಿಟ್ಟು, ಮತ ಬದಲಿಸುವವರೆಗೂ ಅವರ ಅನ್ನ ತಿಂದು ಹಿಂಸೆ ಕೊಡಿಸಿದ. ಅಜ್ಜ ನಾಲ್ಕನೇ ಹೆನ್ರಿ ಅವರಿಗೆ ಕೊಟ್ಟಿದ್ದ ರಕ್ಷಣೆಯನ್ನು 1685ರಲ್ಲಿ ರದ್ದು ಮಾಡಿದ. ಸುಮಾರು ಎರಡು ಲಕ್ಷ ಜನ ದೇಶ ಬಿಟ್ಟರು. ಬಾಗಿಲಲ್ಲಿ ಸೈನಿಕ ನಿಂತ ಆ ಮನೆಯವರ ನೆರವಿಗೆ ಉಪ್ಪಿನ ಕರಾರು, ನ್ಯಾಯಸಭೆಯ ಆಕ್ಷೇಪ ಯಾವುದೂ ಬರಲಿಲ್ಲ. ಅಲ್ಲಿ ನುಗ್ಗಿದ್ದು ಮದವೇರಿದ ಆನೆಯೇ.

ಅದಕ್ಕೇ ನನ್ನ ಸಲಹೆ: ಎರಡು ಪದ ಇಟ್ಟುಕೊಳ್ಳೋಣ. ಫ್ರೆಂಚರಲ್ಲೇ ಚಿಂತಕ ಮಾಂಟೆಸ್ಕ್ಯೂ 1748ರಲ್ಲಿ ಇದನ್ನು ಬೇರೆ ಮಾಡಿ ತೋರಿಸಿದ್ದ. ಒಬ್ಬನೇ ಆಳಿದರೂ ನೆಲೆನಿಂತ ಕಟ್ಟಳೆಯಂತೆ ಆಳುವುದು ಒಂದು, ಮನಸ್ಸಿಗೆ ಬಂದಂತೆ ಆಳುವುದು ಇನ್ನೊಂದು. ನಾವು ಎರಡನ್ನೂ ಒಂದೇ ಪದಕ್ಕೆ ತುರುಕಿದ್ದೇವೆ. ವ್ಯವಸ್ಥೆಯ ಹೆಸರಾಗಿ ‘ಪರಮಾಧಿಕಾರದ ಅರಸೊತ್ತಿಗೆ’ ಇರಲಿ. ಬೊದಾ ಹೇಳಿದ್ದೂ ಪರಮಾಧಿಕಾರದ ಬಗ್ಗೆಯೇ ಅಲ್ವಾ? ‘ನಿರಂಕುಶ’ವನ್ನು 1685ರಂಥ ನಡೆಗೆ ಮೀಸಲಿಡೋಣ. ‘ಸರ್ವಾಧಿಕಾರ’ ಬೇಡ, ಅದನ್ನು ಹಿಟ್ಲರ್ ಕಾಲದ ಆಳ್ವಿಕೆಗೆ ಆಗಲೇ ಬಳಸಿಬಿಟ್ಟಿದ್ದೇವೆ.

ನನ್ನ ಅಳುಕು ಒಂದೇ. ಪರೀಕ್ಷೆಯ ಪ್ರಶ್ನೆಪತ್ರಿಕೆಯಲ್ಲಿ ‘ನಿರಂಕುಶ ಪ್ರಭುತ್ವ’ ಅಂತಲೇ ಬರುತ್ತದೆ. ಹೊಸ ಪದದಿಂದ ಮಕ್ಕಳಿಗೆ ತೊಂದರೆ ಆಗಬಾರದು. ಮೊದಲ ಸಲ ಬರುವಲ್ಲಿ ಎರಡನ್ನೂ ಕೊಟ್ಟು, ವ್ಯತ್ಯಾಸ ಹೇಳಿ ಮುಂದೆ ಹೋದರೆ ಸಾಕೇ? ಪಾಠ ಮಾಡುವವರು ದಯವಿಟ್ಟು ಹೇಳಿ.

ಕೊನೆಗೆ, ಇನ್ನೂ ಬಗೆಹರಿಯದ ಒಂದು ನುಡಿಗಟ್ಟು. ಮದುವೆಯ ಹೊರಗೆ ಹುಟ್ಟಿದ ಗಂಡುಮಕ್ಕಳಿಗೂ ಪಟ್ಟದ ಹಕ್ಕು ಇರಲಿ ಎಂದು ಲೂಯಿ 1714ರಲ್ಲಿ ಆಜ್ಞೆ ಮಾಡಿದ್ದ. 1717ರಲ್ಲಿ ಬಾಲಕ ದೊರೆಯ ಹೆಸರಿನಲ್ಲೇ ಅದನ್ನು ರದ್ದು ಮಾಡಿದರು. ಆ ಹೊಸ ಆಜ್ಞೆಯಲ್ಲಿ ದೊರೆ ತನ್ನ ಬಗ್ಗೆ ತಾನೇ ಹೇಳಿಕೊಳ್ಳುತ್ತಾನೆ: ಕಿರೀಟಕ್ಕೆ ಸೇರಿದ್ದನ್ನು ಪರಭಾರೆ ಮಾಡಲಾಗದ ಒಂದು ‘ಸುಖದ ಅಶಕ್ತಿ’ಯಲ್ಲಿ ರಾಜ್ಯದ ಮೂಲ ಕಟ್ಟಳೆಗಳು ನನ್ನನ್ನು ಇಟ್ಟಿವೆ ಎಂದು. ‘ಅಶಕ್ತಿ’ ಅಂದರೆ ಕಾಯಿಲೆಯವರ ನೆನಪಾಗುತ್ತದೆ. ‘ಅಸಹಾಯಕತೆ’ಯಲ್ಲಿ ಅಳು ಇದೆ. ಕೈಲಾಗದಿರುವುದೇ ಒಂದು ಪುಣ್ಯ ಎನ್ನುವ ಆ ನೆಮ್ಮದಿಗೆ ಕನ್ನಡದಲ್ಲಿ ಏನನ್ನೋಣ? ಕರಡನ್ನು ಮುಂದಿನ ವಾರ ವಾಪಸ್ ಕೊಡಬೇಕು.